ಪುಟ್ಟಿ, ಬರೀ ಗ್ಯಾಸ್ ತುಂಬಿಸ್ಕೊಂಡು ಹೊರಡಬೇಡ

ಪುಟ್ಟಿ, ಗ್ರೂಪಲ್ಲಿ ನಿನ್ನ ಮೆಸೇಜು ಈಗ ನೋಡಿದೆ. ಕಾರಿನ ಎಸಿ ತಂಪಾಗ್ತಿಲ್ಲ, ಕಂಪನಿ ಸರ್ವಿಸ್‌ನವರು ಕಂಪ್ರೆಸರ್, ಅಂದ್ರೆ ಗ್ಯಾಸನ್ನ ಒತ್ತಿ ಸುತ್ತಿಸೋ ಪಂಪು, ಲೀಕು, ಹೊಸದು ಹಾಕಿದ್ರೆ 28,500 ಆಗುತ್ತೆ ಅಂದ್ರು, ಮೂಲೆ ಗ್ಯಾರೇಜಿನವನು 1,800ಕ್ಕೆ ಗ್ಯಾಸ್ ತುಂಬಿಸ್ಕೊಡ್ತೀನಿ ಅಂದ, ಶನಿವಾರ ಮಂತ್ರಾಲಯಕ್ಕೆ ಹೋಗೋದಿದೆ, ಏನ್ ಮಾಡ್ಲಿ ಅಂತ ಕೇಳಿದೀಯ. ಅದರ ಕೆಳಗೇ ದೊಡ್ಡಣ್ಣನ ಮಗ 'ಗ್ಯಾಸ್ ಹಾಕಿಸ್ಕೊಂಡು ಹೋಗು, ಬಂದ್ಮೇಲೆ ನೋಡೋಣ' ಅಂತ ಬರ್ದು ಎರಡು ಹೆಬ್ಬೆಟ್ಟು ಬೇರೆ ಒತ್ತಿದಾನೆ. ಅವನಿಗೇನು, ದುಡ್ಡು ಕೊಡೋಳು ನೀನು. ಟೈಪ್ ಮಾಡ್ತಾ ಕೂತ್ರೆ ನನಗೆ ಸಂಜೆ ಆಗುತ್ತೆ, ಮಾತಾಡೇ ಬಿಡ್ತೀನಿ.

ಲೀಕ್ ಎಲ್ಲಿ ಅಂತ ಹುಡುಕದೆ ಗ್ಯಾಸ್ ತುಂಬಿಸಬೇಡ. ಯಾರು ಏನೇ ಹೇಳ್ಲಿ.

ನಮ್ಮ ಬಿಳಿ ಕಾರು ಗೊತ್ತಲ್ಲ ನಿಮಗೆಲ್ಲ, ಟ್ರಾವೆಲ್ಸ್ ಇದ್ದಾಗ ಕೊನೇದಾಗಿ ಉಳಿದಿದ್ದು. ಅದರ ಕಂಪ್ರೆಸರ್‌ನ ಶಾಫ್ಟ್ ಸೀಲು ಜಿನುಗ್ತಿತ್ತು. ಪುಲ್ಲಿ ಇರುತ್ತಲ್ಲ, ಅದರ ಹಿಂದೆ ಶಾಫ್ಟು ಹೊರಗೆ ಬರೋ ಜಾಗದಲ್ಲಿ ಒಂದು ರಬ್ಬರ್ ತುಟಿ. ಅಷ್ಟೇ. ಬಾನೆಟ್ ಎತ್ತಿದ್ರೆ ಕಂಪ್ರೆಸರ್ ಕ್ಲಚ್ಚಿನ, ಅಂದ್ರೆ ಎಸಿ ಹಾಕಿದಾಗ ಪುಲ್ಲೀನ ಶಾಫ್ಟಿಗೆ ಕಚ್ಚಿಸೋದರ, ಪ್ಲೇಟಿನ ಅಂಚಲ್ಲಿ ಎಣ್ಣೆ ಧೂಳು ಕಚ್ಕೊಂಡು ಕಪ್ಪು ಉಂಗುರದ ಹಾಗೆ ಕಾಣ್ತಿತ್ತು, ಪುಲ್ಲಿ ತಿರುಗೋ ಸಾಲಿಗೆ ನೇರವಾಗಿ ಪಕ್ಕದ ತಗಡಿನ ಮೇಲೆ ಒಂದು ಜಿಡ್ಡಿನ ಗೆರೆ. ನೋಡೋ ಕಣ್ಣಿದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು. ನಾವೇನು ಮಾಡಿದ್ವಿ, ಒಂದು ವರ್ಷದಲ್ಲಿ ಮೂರು ಸಲ ಗ್ಯಾಸ್ ತುಂಬಿಸಿದ್ವಿ. ಪ್ರತಿ ಸಲ ಒಂದೂವರೆ ಸಾವಿರ, ಪ್ರತಿ ಸಲ ಎರಡು ತಿಂಗಳು ತಂಪು.

ಇಲ್ಲಿ ಸರಿಯಾಗಿ ಕೇಳಿಸ್ಕೊ. ಎಸಿಯಲ್ಲಿ ಗ್ಯಾಸ್ ಒಂದೇ ಓಡಾಡಲ್ಲ, ಅದರ ಜೊತೆ ಎಣ್ಣೇನೂ ಸುತ್ತುತ್ತೆ. ಚಿಕ್ಕ ಕಾರಲ್ಲಿ ಇಡೀ ಸಿಸ್ಟಮ್‌ಗೆ ನೂರು, ನೂರಿಪ್ಪತ್ತು ಎಂಎಲ್ ಎಣ್ಣೆ ಇದ್ರೆ ಹೆಚ್ಚು, ಒಂದು ಟೀ ಲೋಟದಷ್ಟು. ಕಂಪ್ರೆಸರ್‌ಗೆ ಬೇರೆ ಎಣ್ಣೆ ಟ್ಯಾಂಕು ಇಲ್ಲ, ಗ್ಯಾಸು ವಾಪಸ್ ಬರುವಾಗ ಹೊತ್ತು ತರೋ ಎಣ್ಣೇನೇ ಅದರ ಉಸಿರು. ಲೀಕ್ ಆದಾಗ ಗ್ಯಾಸಿನ ಜೊತೆ ಎಣ್ಣೇನೂ ಹೋಗುತ್ತೆ. ಗ್ಯಾಸ್ ಕಮ್ಮಿ ಆದಷ್ಟೂ ಉಳಿದ ಎಣ್ಣೆ ವಾಪಸ್ ಬರೋದೂ ಕಮ್ಮಿ. ಮೂರು ಸಲ ಬರೀ ಗ್ಯಾಸ್ ತುಂಬಿ, ಎಣ್ಣೆ ಒಂದು ಹನಿ ಹಾಕದಿದ್ರೆ ಒಳಗಿನ ಪಿಸ್ಟನ್ನು ಒಣಕಲಾಗಿ ಉಜ್ಜುತ್ತೆ, ಅಷ್ಟೇ.

ಬಳ್ಳಾರಿ ಚಿಕ್ಕಮ್ಮನ ಮನೆ ಗೃಹಪ್ರವೇಶಕ್ಕೆ ಹೊರಟಿದ್ವಿ, ಏಪ್ರಿಲ್ಲು. ಹಿರಿಯೂರು ದಾಟಿ ಚಳ್ಳಕೆರೆ ಇನ್ನೇನು ಬರಬೇಕು, ಕಿರ್ರ್ ಅಂತ ಸದ್ದು, ಸುಟ್ಟ ರಬ್ಬರ್ ವಾಸನೆ. ಕಂಪ್ರೆಸರ್ ಜಾಮ್. ಶಾಫ್ಟು ನಿಂತ್ಬಿಟ್ಟಿದೆ, ಬೆಲ್ಟು ಪುಲ್ಲೀನ ಎಳೀತಾನೇ ಇದೆ, ಕ್ಲಚ್ ಕೆಂಪಗೆ ಕಾದು ಬೇರಿಂಗ್ ಹಿಡ್ಕೊಂಡಿತು, ಬೆಲ್ಟ್ ಕಿತ್ಕೊಂಡು ಹೋಯ್ತು. ಆ ಕಾರಲ್ಲಿ ಬ್ಯಾಟರಿ ಚಾರ್ಜ್ ಮಾಡೋ ಆಲ್ಟರ್ನೇಟರ್‌ಗೂ ಇಂಜಿನ್ ತಣಿಸೋ ವಾಟರ್ ಪಂಪಿಗೂ ಅದೇ ಬೆಲ್ಟು. ಬ್ಯಾಟರಿ ಲೈಟ್ ಹತ್ತಿತು, ಟೆಂಪರೇಚರ್ ಮುಳ್ಳು ಮೇಲಕ್ಕೆ. ಗಾಡಿ ಓಡಿಸ್ತಿದ್ದ ಮಾಮ ತಕ್ಷಣ ಇಂಜಿನ್ ಆಫ್ ಮಾಡಿದ್ದಕ್ಕೆ ಇಂಜಿನ್ನಿನ ಹೆಡ್ ಗ್ಯಾಸ್ಕೆಟ್ ಸುಡದೆ ಉಳಿಯಿತು.

ಆಮೇಲೆ ಬಿಲ್ಲು. ಕಂಪ್ರೆಸರ್ 18,500. ಜಾಮ್ ಆದಾಗ ಅಲ್ಯೂಮಿನಿಯಮ್ ಪುಡಿ ಎಣ್ಣೆ ಜೊತೆ ಕಂಡೆನ್ಸರ್‌ಗೆ, ಅಂದ್ರೆ ಮುಂದಿರೋ ಗ್ಯಾಸ್ ತಣಿಸೋ ಜಾಲರಿಗೆ, ನುಗ್ಗಿತ್ತು. ಈಗಿನ ಕಂಡೆನ್ಸರ್ ಕೊಳವೆ ಒಳಗಿನ ದಾರಿ ಸೂಜಿ ದಪ್ಪ, ಎಷ್ಟು ಫ್ಲಶ್ ಮಾಡಿದ್ರೂ ಪುಡಿ ಪೂರ್ತಿ ಹೋಗಲ್ಲ, ಹೊಸದೇ ಬೇಕು, 6,200. ಗ್ಯಾಸನ್ನ ಸಣ್ಣ ಕಿಂಡಿಯಿಂದ ಬಿಡೋ ಎಕ್ಸ್‌ಪಾನ್ಶನ್ ವಾಲ್ವ್ 1,400, ಬೆಲ್ಟು 900, ಗ್ಯಾಸು ಎಣ್ಣೆ 2,500, ಕೂಲಿ 4,500. ಮೂವತ್ತನಾಲ್ಕು ಸಾವಿರ. ಎಳ್ಕೊಂಡು ಬಂದ ಗಾಡಿಗೆ ನಾಲ್ಕು ಸಾವಿರ ಬೇರೆ. ಮೊದಲೇ ಸೀಲು ಹಾಕಿಸಿದ್ರೆ ಮೂರು ಸಾವಿರದೊಳಗೆ ಮುಗೀತಿತ್ತು.

ಅವತ್ತು ಯಾರ ಕಾರು ನಮ್ಮ ಹಿಂದೇನೇ ಬರ್ತಿತ್ತು ಅಂತ ನಾನು ಹೇಳಲ್ಲ, ಈ ಗ್ರೂಪಲ್ಲೇ ಇದಾರೆ. ನಿಲ್ಲಿಸಿದ್ರು ನಿಜ. ಕಿಟಕಿ ನಾಲ್ಕು ಬೆರಳು ಇಳಿಸಿ, ತಂಪು ಹೋಗುತ್ತಲ್ಲ, 'ನಾವು ಮುಂದೆ ಹೋಗಿ ಹೇಳ್ತೀವಿ' ಅಂದ್ರು. ಏನು ಹೇಳ್ತಾರೆ? ಹಿಂದಿನ ಸೀಟಲ್ಲಿ ಇಬ್ಬರು ಕೂರೋ ಜಾಗ ಇತ್ತು, ಅಲ್ಲಿ ಹಣ್ಣಿನ ಬುಟ್ಟಿ ಕೂತಿತ್ತು. ನನ್ನನ್ನೂ ಅಮ್ಮನ್ನೂ ಹತ್ತಿಸ್ಕೊಂಡು ಹೋಗಬಹುದಿತ್ತು. ಅಮ್ಮ ಎಪ್ಪತ್ತೆರಡು ವರ್ಷದೋರು, ಜಾಲಿ ಮರದ ಕೆಳಗೆ ಎರಡೂವರೆ ಗಂಟೆ. ನಾವು ತಲುಪಿದಾಗ ಹೋಳಿಗೆ ಮುಗಿದು ಅನ್ನ ಸಾರು ಉಳಿದಿತ್ತು. ಇವತ್ತಿಗೂ ಒಬ್ಬರೂ ಆ ವಿಷಯ ಎತ್ತಿಲ್ಲ. ಈಗ ಅದೇ ಮನೆಯಿಂದ ಹೆಬ್ಬೆಟ್ಟು ಬರುತ್ತೆ, ಗ್ಯಾಸ್ ಹಾಕಿಸ್ಕೊಂಡು ಹೋಗು ಅಂತ.

ಹೋಗ್ಲಿ ಬಿಡು. ಮತ್ತೆ ಹೇಳ್ತೀನಿ, ಲೀಕ್ ಎಲ್ಲಿ ಅಂತ ಕಣ್ಣಾರೆ ನೋಡೋವರೆಗೂ ಗ್ಯಾಸ್ ತುಂಬಿಸಬೇಡ. ಹಾಗಂತ 28,500ನೂ ಕೊಡಬೇಡ. ಕಂಪನಿ ಸರ್ವಿಸ್‌ನವರು ಸಾಮಾನ್ಯವಾಗಿ ಕಂಪ್ರೆಸರ್ ಬಿಚ್ಚೋದೇ ಇಲ್ಲ, ಇಡೀದಾಗಿ ಬದಲಾಯಿಸೋದು ಅವರ ಪದ್ಧತಿ. ಎಸಿ ಕೆಲಸವನ್ನೇ ಮಾಡೋ ಅಂಗಡಿಗೆ ಹೋಗು. ನೈಟ್ರೋಜನ್ ಹಾಕಿ 150ರಿಂದ 200 ಪಿಎಸ್‌ಐ ಒತ್ತಡಕ್ಕೆ ಏರಿಸಿ, ಅರ್ಧ ಗಂಟೆ ಬಿಟ್ಟು, ಸೋಪಿನ ನೊರೆ ಹಚ್ಚಿ ಗುಳ್ಳೆ ಏಳೋ ಜಾಗ ತೋರಿಸು ಅನ್ನು. ಟೈರಿಗೆ ಹಾಕೋ ಗಾಳಿ ಬಿಡೋಕೆ ಬಂದ್ರೆ ಬೇಡ ಅನ್ನು, ಅದರಲ್ಲಿ ನೀರಿನ ಪಸೆ ಇರುತ್ತೆ. 'ವ್ಯಾಕ್ಯೂಮ್ ಹಿಡೀತು ಮೇಡಂ, ಲೀಕ್ ಇಲ್ಲ' ಅಂದ್ರೂ ನಂಬಬೇಡ. ವ್ಯಾಕ್ಯೂಮ್ ಅಂದ್ರೆ ಒಳಗಿನ ಗಾಳಿ ಎಳೆದು ಖಾಲಿ ಮಾಡೋದು, ಆಗ ಹೊರಗಿನ ಗಾಳಿ ಒತ್ತೋದು ಹದಿನೈದು ಪಿಎಸ್‌ಐ ಕೂಡ ಇಲ್ಲ, ಎಸಿ ಓಡುವಾಗ ಹೆಚ್ಚು ಒತ್ತಡದ ಕಡೆ ಇನ್ನೂರರ ಆಸುಪಾಸು ಇರುತ್ತೆ.

ಕಂಪ್ರೆಸರ್ ಮೇಲೆ ಎಣ್ಣೆ ಇದೆ ಅಂದ ಮಾತ್ರಕ್ಕೆ ಕಂಪ್ರೆಸರ್ರೇ ಲೀಕು ಅಂತಲ್ಲ. ಮೇಲಿಂದ ಇಂಜಿನ್ ಆಯಿಲ್ ತೊಟ್ಟಿಕ್ಕಿ ಅದರ ಮೇಲೆ ಬೀಳುತ್ತೆ, ಅದನ್ನ ತೋರಿಸಿ ಹೆದರಿಸ್ತಾರೆ. ಒರೆಸಿ, ಒಳಗೆ ಉಳಿದಿರೋ ಗ್ಯಾಸಿನ ಜೊತೆ ಡೈ, ಅಂದ್ರೆ ಹೊಳೆಯೋ ಬಣ್ಣ, ಸೇರಿಸಿ, ಸ್ವಲ್ಪ ಹೊತ್ತು ಎಸಿ ಓಡಿಸಿ ನೀಲಿ ಲೈಟ್ ಬಿಟ್ಟರೆ ಲೀಕ್ ಜಾಗ ಹಸಿರು ಹಳದಿ ಹೊಳೆಯುತ್ತೆ. ಪೈಪು ಕೂರೋ ಕಡೆ ಇರೋ ರಬ್ಬರ್ ಬಳೆ, ಓ-ರಿಂಗ್, ಆಗಿದ್ರೆ ರಿಂಗಿನ ಬೆಲೆ ಐವತ್ತು ರೂಪಾಯಿ, ದುಡ್ಡು ಹೋಗೋದು ಗ್ಯಾಸಿಗೆ ಮತ್ತೆ ಕೂಲಿಗೆ. ಶಾಫ್ಟ್ ಸೀಲ್ ಆಗಿದ್ರೆ ಎರಡೂವರೆಯಿಂದ ನಾಲ್ಕು ಸಾವಿರ. ಕಂಪ್ರೆಸರ್ ಗೊರಗೊರ ಅಂತಿದ್ರೆ, ಇಲ್ಲಾ ಬಿಚ್ಚಿದಾಗ ಎಣ್ಣೆ ಬೂದಿ ಬಣ್ಣ ಇದ್ದು ಬೆಳ್ಳಿ ಪುಡಿ ಮಿನುಗಿದ್ರೆ ಮಾತ್ರ ಹೊಸದರ ಮಾತು. ಬೆಂಗಳೂರಿನ ಜೆ.ಸಿ. ರೋಡಲ್ಲಿ ರೀಕಂಡೀಶನ್, ಅಂದ್ರೆ ಹಳೇದನ್ನ ರಿಪೇರಿ ಮಾಡಿದ್ದು, ಕಮ್ಮಿಗೆ ಸಿಗುತ್ತೆ, ನಾನಂತೂ ತಗೊಳಲ್ಲ. ಬಣ್ಣ ಹೊಸದು, ಒಳಗಿನ ಬೇರಿಂಗ್ ಯಾವ ಕಾಲದ್ದೋ.

ಏನೇ ರಿಪೇರಿ ಆದ್ರೂ ಪೈಪ್ ಬಿಚ್ಚಿದ ಮೇಲೆ ಒಳಗಿನ ನೀರಿನ ಪಸೆ ಹಿಡಿಯೋ ಡ್ರೈಯರ್ ಬದಲಾಯಿಸಲಿ, ಅದು ಗಾಳಿಯ ಪಸೆ ಹೀರಿ ಸತ್ತಿರುತ್ತೆ. ವ್ಯಾಕ್ಯೂಮ್ ಮುಕ್ಕಾಲು ಗಂಟೆ, ಹತ್ತು ನಿಮಿಷಕ್ಕೆ ನಿಲ್ಲಿಸೋಕೆ ಬಿಡಬೇಡ. ಎಣ್ಣೆ ಎಷ್ಟು ಹೊರಗೆ ಬಂತು, ಎಷ್ಟು ಹಾಕಿದ್ರು ಅಂತ ಎಂಎಲ್ ಲೆಕ್ಕದಲ್ಲಿ ಕೇಳು. ಹೊಸ ಕಂಪ್ರೆಸರ್ ಆದ್ರೆ ಸಾಮಾನ್ಯವಾಗಿ ಒಳಗೇ ಎಣ್ಣೆ ತುಂಬಿ ಬರುತ್ತೆ, ಲೆಕ್ಕ ನೋಡದೆ ಮೇಲೆ ಮತ್ತೆ ಸುರಿದ್ರೆ ತಂಪು ಸರಿಯಾಗಿ ಬರಲ್ಲ. ಗ್ಯಾಸನ್ನ ತಕ್ಕಡಿ ಮೇಲಿಟ್ಟು ಗ್ರಾಂ ಲೆಕ್ಕದಲ್ಲಿ ಹಾಕಬೇಕು. ಬಾನೆಟ್ ಕೆಳಗೆ ಚೀಟಿ ಅಂಟಿಸಿರ್ತಾರೆ, ಯಾವ ಗ್ಯಾಸು, ಎಷ್ಟು ಗ್ರಾಂ ಅಂತ, ಫೋಟೋ ಹೊಡ್ಕೊಂಡು ಹೋಗು. ಲೀಕ್ ಮುಚ್ಚೋ ಡಬ್ಬಿ ಅಂತ ಏನೋ ಸೇರಿಸೋಕೆ ಬಂದ್ರೆ ಕೈ ಹಿಡಿ, ಎಕ್ಸ್‌ಪಾನ್ಶನ್ ವಾಲ್ವ್ ಕಟ್ಟಿ ಕೂರುತ್ತೆ. ಹಳೇ ಪಾರ್ಟು ನಿನ್ನ ಕೈಗೆ ಕೊಡಲಿ.

ಅಯ್ಯೋ, ಶನಿವಾರದ್ದು ಹೇಳೋದೇ ಮರೆತೆ, ನೀನು ಕೇಳಿದ್ದೇ ಅದು. ಅಷ್ಟರೊಳಗೆ ರಿಪೇರಿ ಆಗದಿದ್ರೆ ಕಾರಲ್ಲಿ ಹೋಗು, ತೊಂದರೆ ಇಲ್ಲ, ಎಸಿ ಮಾತ್ರ ಬೇಡ. ನಿನ್ನ ಕಾರಿನ ಕಂಪ್ರೆಸರ್‌ಗೆ ಕ್ಲಚ್ ಇದೆ, ಎಸಿ ಆಫ್ ಇದ್ರೆ ಪುಲ್ಲಿ ಸುಮ್ಮನೆ ತಿರುಗುತ್ತೆ, ಒಳಗಿನ ಶಾಫ್ಟ್ ಅಲ್ಲಾಡಲ್ಲ. ಆದ್ರೆ ಗಾಜಿನ ಮಂಜು ತೆಗೆಯೋ ಬಟನ್ ಒತ್ತಿದ್ರೆ ಎಷ್ಟೋ ಕಾರಲ್ಲಿ ಎಸಿ ತಾನಾಗೇ ಆನ್ ಆಗುತ್ತೆ. ನಿನ್ನ ಗಂಡ ಒತ್ತೇ ಒತ್ತುತಾನೆ. ಅದಕ್ಕೆ ಬಾನೆಟ್ ಒಳಗಿನ ಫ್ಯೂಸ್ ಬಾಕ್ಸ್ ತೆಗೆದು, ಮುಚ್ಚಳದ ಚಿತ್ರ ನೋಡಿ, ಎಸಿ ಕಂಪ್ರೆಸರ್‌ಗೆ ಕರೆಂಟ್ ಬಿಡೋ ಡಬ್ಬಿ, ಎಸಿ ಕಂಪ್ರೆಸರ್ ರಿಲೇ, ಕಿತ್ತು ಡ್ಯಾಶ್‌ಬೋರ್ಡಲ್ಲಿ ಇಟ್ಟುಬಿಡು. ಪುಲ್ಲಿ ಈಗಲೇ ಸದ್ದು ಮಾಡ್ತಿದ್ರೆ ಮಾತ್ರ ಆ ಕಾರು ತೆಗೀಬೇಡ, ಬೇರಿಂಗ್ ಹೋಗ್ತಿದೆ ಅಂತ ಅರ್ಥ. ನಾಲ್ಕೂವರೆಗೆಲ್ಲ ಹೊರಡಿ. ಬೆಳಗಿನ ಬಿಸಿಲು ದಾರಿಯುದ್ದಕ್ಕೂ ಬಲಗಡೆಯಿಂದ ಹೊಡೆಯುತ್ತೆ, ಮಗೂನ ಎಡಗಡೆ ಕೂರಿಸು.