ಚಿಕ್ಕಪ್ಪನವರ ಬೆನ್ನಿನ ಶಸ್ತ್ರಚಿಕಿತ್ಸೆ ಮತ್ತು ಆ ವಿಡಿಯೊ ಕರೆ

ಎಲ್ಲರಿಗೂ ನಮಸ್ಕಾರ. ತಮ್ಮಾ, ನಿನ್ನೆ ರಾತ್ರಿ ನೀನು ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ನಾಲ್ಕು ಸಾಲು ಬರೆದು ಮುಗಿಸುವುದು ಸರಿಯಲ್ಲವೆನಿಸಿತು, ಅದಕ್ಕೇ ಮಾತಿನಲ್ಲಿ ಹೇಳುತ್ತಿದ್ದೇನೆ. ಚಿಕ್ಕಪ್ಪ, ನೀವೂ ದಯವಿಟ್ಟು ಕೊನೆಯವರೆಗೆ ಕೇಳಿಸಿಕೊಳ್ಳಿ. ನೋವು ನಿಮ್ಮದು, ತೀರ್ಮಾನವೂ ನಿಮ್ಮದೇ ಆಗಬೇಕು. ಹೊರದೇಶದ ಆಸ್ಪತ್ರೆಯ ವೈದ್ಯರು ನಿಮ್ಮ ಎಂ.ಆರ್.ಐ. ನೋಡಿ, ಇಪ್ಪತ್ತು ನಿಮಿಷ ವಿಡಿಯೊ ಕರೆಯಲ್ಲಿ ಮಾತನಾಡಿ, ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗೆ ದಿನಾಂಕವನ್ನೂ ಕೊಟ್ಟುಬಿಟ್ಟಿದ್ದಾರೆ. "ವಿಡಿಯೊದಲ್ಲೇ ಇಷ್ಟೆಲ್ಲ ಗೊತ್ತಾಗುವುದಾದರೆ ಅಷ್ಟು ದೂರ ಹೋಗುವುದೇಕೆ? ಹೋಗಲೇಬೇಕು ಎನ್ನುವುದಾದರೆ ಆ ಕರೆಯನ್ನು ನಂಬುವುದು ಹೇಗೆ?" ಎಂಬುದು ತಮ್ಮನ ಪ್ರಶ್ನೆ.

ದೂರವೈದ್ಯಕೀಯ ಸೇವೆಯನ್ನೂ, ಎಂದರೆ ಹೀಗೆ ವಿಡಿಯೊ ಕರೆಯಲ್ಲಿ ದೂರದಿಂದಲೇ ವೈದ್ಯರ ಸಲಹೆ ಪಡೆಯುವುದನ್ನೂ, ಚಿಕಿತ್ಸೆಗಾಗಿ ಮಾಡುವ ವಿದೇಶ ಪ್ರಯಾಣವನ್ನೂ ಒಂದಕ್ಕೊಂದು ಬದಲಿ ಎಂದು ನೋಡುವುದನ್ನು ನಾನು ಒಪ್ಪುವುದಿಲ್ಲ. ಆ ಕರೆಯ ನಿಜವಾದ ಕೆಲಸವೆಂದರೆ ಪ್ರಯಾಣ ಬೇಕೇ ಬೇಡವೇ ಎಂಬುದನ್ನು ತೀರ್ಮಾನಿಸುವುದು ಮತ್ತು ಹೋಗಿ ಬಂದ ಮೇಲೆ ರೋಗಿಯ ಕೈಬಿಡದಿರುವುದು. "ನೀವು ಬರುವ ಅಗತ್ಯವಿಲ್ಲ" ಎಂದು ಹೇಳುವ ಸಾಧ್ಯತೆಯೇ ಇಲ್ಲದ ಕರೆಯನ್ನು ಸಮಾಲೋಚನೆ ಎಂದು ಕರೆಯಲು ನನಗೆ ಮನಸ್ಸು ಬಾರದು. ಅದು ಹಾಸಿಗೆ ಕಾದಿರಿಸುವ ವ್ಯವಹಾರವಷ್ಟೆ.

ಹಾಗೆಂದು ದೂರದಿಂದ ಸಿಗುವ ಅಭಿಪ್ರಾಯ ಕಡಿಮೆಯದೆಂದು ಯಾರೂ ಭಾವಿಸಬಾರದು. ಸ್ಕ್ಯಾನ್ ಚಿತ್ರಗಳನ್ನು ಮೂಲ ಡೈಕಾಮ್ ರೂಪದಲ್ಲಿ, ಎಂದರೆ ಯಂತ್ರದಿಂದ ಬಂದ ಡಿಜಿಟಲ್ ಕಡತಗಳಾಗಿಯೇ ಕಳಿಸಿದರೆ ಯಾವ ದೇಶದಲ್ಲಿ ಕುಳಿತ ತಜ್ಞರೂ ಅವನ್ನು ಪದರಪದರವಾಗಿ ಪರಿಶೀಲಿಸಬಲ್ಲರು. ಫಿಲ್ಮನ್ನು ಕಿಟಕಿಗೆ ಹಿಡಿದು ಮೊಬೈಲಿನಲ್ಲಿ ತೆಗೆದ ಫೋಟೊದಿಂದ ಅದು ಆಗುವುದಿಲ್ಲ. ಕ್ಯಾನ್ಸರ್ ಅನುಮಾನವಿರುವವರು ತಾವು ಹೋಗುವ ಮೊದಲು ಬಯಾಪ್ಸಿಯ ಸ್ಲೈಡುಗಳನ್ನೂ ಪ್ಯಾರಾಫಿನ್ ಬ್ಲಾಕನ್ನೂ (ಮೇಣದಲ್ಲಿ ಹುದುಗಿಸಿಟ್ಟ ಅಂಗಾಂಶದ ತುಂಡು) ಕಳಿಸಿ ಮರುಪರೀಕ್ಷೆ ಮಾಡಿಸಬಹುದು, ಅದರಿಂದ ಚಿಕಿತ್ಸೆಯ ದಾರಿಯೇ ಬದಲಾಗುವುದೂ ಉಂಟು.

ಆದರೆ ಬೆನ್ನಿನ ವಿಷಯ ಬೇರೆ. ಬೆನ್ನು ನೋವೇ ಇಲ್ಲದವರ ಸ್ಕ್ಯಾನುಗಳ ಬಗೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಶ್ಲೇಷಣೆ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಡಿಸ್ಕ್, ಎಂದರೆ ಬೆನ್ನುಮೂಳೆಗಳ ನಡುವಿನ ಮೆತ್ತೆ, ಸವೆದಿರುವುದು 20 ವರ್ಷದವರಲ್ಲೇ ಶೇ. 37ರಷ್ಟು ಮಂದಿಯಲ್ಲಿ, 80 ವರ್ಷದವರಲ್ಲಿ ಶೇ. 96ರಷ್ಟು ಮಂದಿಯಲ್ಲಿ ಕಾಣುತ್ತದೆ. ಎಂದರೆ ಚಿಕ್ಕಪ್ಪನವರ ವಯಸ್ಸಿನಲ್ಲಿ ಚಿತ್ರದಲ್ಲಿ ಡಿಸ್ಕ್ ಸವೆದಿರುವುದು ಕಂಡಿತೆಂದ ಮಾತ್ರಕ್ಕೆ ನೋವಿನ ಮೂಲ ಅದೇ ಎನ್ನುವಂತಿಲ್ಲ. ಕಾಲಿನ ಯಾವ ಭಾಗದಲ್ಲಿ ಸ್ಪರ್ಶ ತಿಳಿಯುತ್ತಿಲ್ಲ, ಯಾವ ಸ್ನಾಯುವಿನ ಬಲ ಕುಂದಿದೆ, ಮೊಣಕಾಲಿನ ಕೆಳಗೆ ಸುತ್ತಿಗೆಯಿಂದ ತಟ್ಟಿದಾಗ ಕಾಲು ಹೇಗೆ ಚಿಮ್ಮುತ್ತದೆ ಎಂಬುದನ್ನೆಲ್ಲ ಕೈಯಿಂದ ಮುಟ್ಟಿ ನೋಡಿ, ಅದು ಚಿತ್ರದಲ್ಲಿರುವುದರೊಂದಿಗೆ ತಾಳೆಯಾಗುತ್ತದೆಯೇ ಎಂದು ಪರಿಶೀಲಿಸಿದ ಮೇಲೆಯೇ ಶಸ್ತ್ರಚಿಕಿತ್ಸೆಯ ಮಾತು ಬರಬೇಕು. ಚಿಕ್ಕಪ್ಪ, ನಿಮ್ಮ ವಿಷಯದಲ್ಲಿ ಈ ಪರೀಕ್ಷೆಯನ್ನು ಆ ಹೊರದೇಶದ ವೈದ್ಯರು ಮಾಡಿಲ್ಲ, ಮಾಡಿದವರ ಟಿಪ್ಪಣಿಯನ್ನು ಕೇಳಿಯೂ ಇಲ್ಲ. ನನ್ನ ಆಕ್ಷೇಪವಿರುವುದು ಇದಕ್ಕೇ.

ರೋಬಾಟ್ ಬಳಸಿ ದೂರದಿಂದಲೇ ಶಸ್ತ್ರಚಿಕಿತ್ಸೆ ಮಾಡುತ್ತಾರಲ್ಲ ಎಂದು ಭಾವ ಬರೆದಿದ್ದರು. ನಿಜ. 2001ರ ಸೆಪ್ಟೆಂಬರ್ 7ರಂದು ನ್ಯೂಯಾರ್ಕಿನಲ್ಲಿದ್ದ ಶಸ್ತ್ರವೈದ್ಯ ಜಾಕ್ ಮಾರೆಸ್ಕೊ ಮತ್ತು ಅವರ ತಂಡದವರು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಮಲಗಿದ್ದ 68 ವರ್ಷದ ಮಹಿಳೆಯ ಪಿತ್ತಕೋಶವನ್ನು ತೆಗೆದರು. ಆದರೆ ಅಂದು ಕೂಡ ಆಕೆಯ ಪಕ್ಕದಲ್ಲಿ ಶಸ್ತ್ರವೈದ್ಯರ ತಂಡವೊಂದು ಸಿದ್ಧವಾಗಿ ನಿಂತಿತ್ತು. ಸಾಗರದಾಚೆಯಿಂದ ನಡೆದ ಚಿಕಿತ್ಸೆಗೂ ರೋಗಿಯ ಹತ್ತಿರದ ಕೈಗಳು ಬೇಕಾದವು. ಚಿಕ್ಕಪ್ಪನವರಿಗೆ ಆ ಕೈಗಳೆಂದರೆ ಅವರನ್ನು ಇಷ್ಟು ವರ್ಷ ನೋಡಿಕೊಂಡು ಬಂದಿರುವ ವೈದ್ಯರು, ಮತ್ತು ಅವರನ್ನು ಹೊರಗಿಟ್ಟೇ ಆ ಕರೆ ನಡೆದಿದೆ.

ಹಿಂದಿರುಗಿದ ಮೇಲಿನ ಪಾಡನ್ನು ನಾನು ಸ್ವತಃ ಅನುಭವಿಸಿದ್ದೇನೆ. ನಮ್ಮ ಮನೆಯವರಿಗೆ ಹೊರದೇಶದಲ್ಲಿ ಹೊಟ್ಟೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಂದ ಕೆಲವೇ ದಿನಗಳಲ್ಲಿ ಗಾಯ ಕೆಂಪಗಾಗಿ ಜ್ವರ ಬಂತು. ಹೋಗುವ ಮೊದಲು ದಿನಕ್ಕೆರಡು ಬಾರಿ ಕರೆ ಮಾಡುತ್ತಿದ್ದ ಆಸ್ಪತ್ರೆಯವರು ಈಗ ಗಾಯದ ಫೋಟೊ ಕಳಿಸಿ, ತಿಳಿಸುತ್ತೇವೆ ಎಂದರು. ಮಾತನಾಡಿದವರು ಸಂಯೋಜಕರೇ ಹೊರತು ವೈದ್ಯರಲ್ಲ. ಇಲ್ಲಿನ ಶಸ್ತ್ರವೈದ್ಯರ ಬಳಿಗೆ ಓಡಿದರೆ, ಒಳಗೆ ಏನು ಮಾಡಿದ್ದಾರೆ, ಯಾವ ದಾರ, ಯಾವ ಜಾಲರಿ ಹಾಕಿದ್ದಾರೆ ಎಂದು ಕೇಳಿದರು. ನಮ್ಮ ಕೈಯಲ್ಲಿದ್ದುದು ಒಂದೇ ಪುಟದ ಡಿಸ್ಚಾರ್ಜ್ ಸಮ್ಮರಿ. ಆ ವೈದ್ಯರು ಬೇರೆಯವರ ಕೆಲಸದ ಹೊಣೆ ಹೊತ್ತು ಅವರನ್ನು ಉಳಿಸಿಕೊಟ್ಟರು, ಆ ಋಣ ಇಂದಿಗೂ ನನ್ನ ಮೇಲಿದೆ.

ಸೋಂಕು ತಡವಾಗಿ ತಲೆದೋರುವುದೇ ಇಲ್ಲಿ ದೊಡ್ಡ ತೊಡಕು. 2023ರಲ್ಲಿ ಅಮೆರಿಕದಿಂದ ಮೆಕ್ಸಿಕೊದ ಮಾಟಮೊರೋಸ್ ನಗರಕ್ಕೆ ಹೋಗಿ, ಬೆನ್ನಿಗೆ ಎಪಿಡ್ಯೂರಲ್ ಅರಿವಳಿಕೆ ಪಡೆದು ಸೌಂದರ್ಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಶಿಲೀಂಧ್ರದಿಂದ ಬರುವ ಮಿದುಳು ಪೊರೆಯ ಉರಿಯೂತ ಕಾಣಿಸಿಕೊಂಡು ಹಲವರು ತೀರಿಕೊಂಡರು. ಲಕ್ಷಣಗಳು ಮೊದಲು ಬರಿಯ ತಲೆನೋವಿನಂತೆ ಇರಬಹುದಾದ್ದರಿಂದ, ಮನೆ ಸೇರಿದವರನ್ನು ಹುಡುಕಿ ಹುಡುಕಿ ಪರೀಕ್ಷೆಗೆ ಕರೆಯಬೇಕಾಯಿತು. ಇದರ ಜೊತೆಗೆ ಪ್ರಯಾಣದ ಅಪಾಯವೂ ಇದೆ. ನಾಲ್ಕು ಗಂಟೆಗೂ ಮೀರಿದ ಪ್ರಯಾಣದಲ್ಲಿ ಅಲುಗಾಡದೆ ಕುಳಿತವರಿಗೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಎರಡು ಪಟ್ಟಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿದೆ. ಶಸ್ತ್ರಚಿಕಿತ್ಸೆ ಆ ಅಪಾಯವನ್ನು ಇನ್ನಷ್ಟು ಹೆಚ್ಚಿಸುತ್ತದೆ. ಚಿಕಿತ್ಸೆಯ ನಂತರ ಎಷ್ಟು ದಿನ ಅಲ್ಲೇ ಉಳಿಯಬೇಕು ಎಂಬ ಮಾತೇ ಆ ಆಸ್ಪತ್ರೆಯವರು ಚಿಕ್ಕಪ್ಪನವರಿಗೆ ಕಳಿಸಿದ ಪತ್ರದಲ್ಲಿಲ್ಲದಿರುವುದನ್ನು ಗಮನಿಸಿದಿರಾ?

ಕಾನೂನಿನ ಮಾತನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಗಡಿಯಾಚೆಯ ವಿಡಿಯೊ ಸಮಾಲೋಚನೆ ಯಾವ ದೇಶದಲ್ಲಿ ನಡೆಯಿತು ಎಂಬುದಕ್ಕೆ ಎಲ್ಲೆಡೆ ಒಂದೇ ಉತ್ತರವಿಲ್ಲ. ಯುರೋಪಿಯನ್ ಒಕ್ಕೂಟದ 2011ರ ನಿರ್ದೇಶನದಂತೆ ಸೇವೆ ನೀಡುವವರು ಇರುವ ದೇಶವೇ ಚಿಕಿತ್ಸೆ ನಡೆದ ಸ್ಥಳ. ಅಮೆರಿಕದ ರಾಜ್ಯಗಳಲ್ಲಿ ಸಾಮಾನ್ಯವಾಗಿ ರೋಗಿ ಕುಳಿತಿರುವ ಜಾಗವೇ ಲೆಕ್ಕ. ಆದ್ದರಿಂದ ನಮ್ಮಲ್ಲಿ ಕುಳಿತ ರೋಗಿಗೆ ಸಲಹೆ ನೀಡಲು ಆ ವೈದ್ಯರಿಗೆ ಅನುಮತಿ ಇದೆಯೇ, ತಪ್ಪಾದರೆ ದೂರು ಕೊಡುವುದು ಎಲ್ಲಿ, ಅವರು ಬರೆದ ಔಷಧ ಚೀಟಿ ಇಲ್ಲಿ ನಡೆಯುತ್ತದೆಯೇ ಎಂಬುದನ್ನು ಬರಹದಲ್ಲಿಯೇ ಕೇಳಬೇಕು.

ಹಾಗಾಗಿ ಚಿಕ್ಕಪ್ಪ, ಮುಂಗಡ ಹಣವನ್ನು ಈಗಲೇ ಕಳಿಸಬೇಡಿರೆಂದು ನನ್ನ ಪ್ರಾರ್ಥನೆ. ಇನ್ನೊಂದು ಕರೆಗೆ ಅವರನ್ನು ಒಪ್ಪಿಸೋಣ; ಅದರಲ್ಲಿ ಸಂಯೋಜಕರಲ್ಲ, ಕತ್ತಿ ಹಿಡಿಯುವ ವೈದ್ಯರೇ ಇರಬೇಕು, ನಮ್ಮ ವೈದ್ಯರೂ ನಿಮ್ಮನ್ನು ಪರೀಕ್ಷಿಸುತ್ತ ಪಕ್ಕದಲ್ಲಿ ಕುಳಿತಿರಬೇಕು. ಶಸ್ತ್ರಚಿಕಿತ್ಸೆ ಮಾಡಿಸದಿದ್ದರೆ ಏನಾಗುತ್ತದೆ ಎಂದು ಮೊದಲು ಕೇಳೋಣ. ಹೋಗುವುದೇ ಸರಿಯೆಂದು ಇಬ್ಬರೂ ವೈದ್ಯರು ಹೇಳಿದರೆ ನಾನೇ ನಿಮ್ಮ ಜೊತೆ ಬರುತ್ತೇನೆ. ಆದರೆ ಹೊರಡುವ ಮೊದಲೇ, ಬಂದ ಮೇಲೆ ಯಾವ ಯಾವ ವಾರದಲ್ಲಿ ಅವರು ವಿಡಿಯೊದಲ್ಲಿ ನೋಡುತ್ತಾರೆ, ಶಸ್ತ್ರಚಿಕಿತ್ಸೆಯ ಪೂರ್ಣ ಟಿಪ್ಪಣಿಯನ್ನೂ ಒಳಗೆ ಕೂರಿಸಿದ ಇಂಪ್ಲಾಂಟಿನ ವಿವರವನ್ನೂ ಕೊಡುತ್ತಾರೆಯೇ ಎಂಬುದು ಕಾಗದದ ಮೇಲೆ ಬರಲಿ.

ಒಂದು ಮಾತನ್ನು ಮಾತ್ರ ಮನೆಯಲ್ಲಿರುವ ಎಲ್ಲರೂ ನೆನಪಿಡಿ. ಮೂತ್ರ ಕಟ್ಟಿದರೆ ಅಥವಾ ಹಿಡಿತ ತಪ್ಪಿದರೆ, ತೊಡೆಸಂದಿಯ ಸುತ್ತ ಮರಗಟ್ಟಿದರೆ, ಕಾಲಿನ ಬಲ ಇದ್ದಕ್ಕಿದ್ದಂತೆ ಕುಸಿದರೆ, ಯಾವ ಕರೆಗೂ ಯಾವ ದಿನಾಂಕಕ್ಕೂ ಕಾಯದೆ ತಕ್ಷಣ ಹತ್ತಿರದ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಕರೆದುಕೊಂಡು ಹೋಗಿ. ಚಿಕ್ಕಮ್ಮ, ಹಿಂದಿನ ಸ್ಕ್ಯಾನಿನ ಸಿ.ಡಿ. ಎಲ್ಲಿದೆಯೋ ಹುಡುಕಿಡಿ, ನಾಳೆ ಸಂಜೆ ಬಂದು ಅದನ್ನೂ ಈಗಿನ ಎಂ.ಆರ್.ಐ.ಯನ್ನೂ ನಮ್ಮ ವೈದ್ಯರಿಗೆ ತಲುಪಿಸುತ್ತೇನೆ.