ಏರ್ ರೈಫಲ್ ಗ್ರೂಪ್ ಇದ್ದಕ್ಕಿದ್ದಂತೆ ಹರಡುತ್ತಿದೆ, ಪೆಲೆಟ್ ತಪ್ಪಾ, ನನ್ನ ತಪ್ಪಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ನಾನು ಮಂಡ್ಯದವನು. 10 ಮೀಟರ್ ಪಿಸಿಪಿ ರೈಫಲ್ (ಸಿಲಿಂಡರ್‌ನಲ್ಲಿ ಮೊದಲೇ ಒತ್ತಿ ತುಂಬಿದ ಗಾಳಿಯಿಂದ ಹೊಡೆಯುವುದು) ಇದೆ. ವಾರವೆಲ್ಲ ಮನೆಯ ಹಾಲ್‌ನಲ್ಲಿ ಪೆಲೆಟ್ ಹಾಕದೆ ಡ್ರೈ ಪ್ರಾಕ್ಟೀಸ್, ಭಾನುವಾರ ಮೈಸೂರಿಗೆ ಸ್ಕೂಟರ್‌ನಲ್ಲಿ ಹೋಗಿ ರೇಂಜ್‌ನಲ್ಲಿ ಹೊಡೆಯುತ್ತೇನೆ. ಹೋದ ತಿಂಗಳವರೆಗೆ ಮರಳು ಚೀಲದ ಮೇಲೆ ಇಟ್ಟು ಐದು ಹೊಡೆದರೆ ಗ್ರೂಪ್, ಅಂದರೆ ತೂತುಗಳ ಗುಂಪು, ಅಂಚಿಂದ ಅಂಚಿಗೆ 6 ಮಿಲಿಮೀಟರ್ ಬರುತ್ತಿತ್ತು. ಈಗ 9, 10. ಪೆಲೆಟ್ (ಸೀಸದ ಸಣ್ಣ ಗುಂಡು) ಅದೇ ಬ್ರ್ಯಾಂಡ್, ಅದೇ 4.50 ಹೆಡ್ ಸೈಜ್ (ತಲೆಯ ವ್ಯಾಸ, ಮಿಲಿಮೀಟರ್‌ನಲ್ಲಿ), ಡಬ್ಬಿ ಮಾತ್ರ ಹೊಸದು. ಸಿಲಿಂಡರ್ ತುಂಬಿದೆ. ತುಂಬಾ ಬೇಜಾರಾಗಿದೆ, ಮುಂದಿನ ತಿಂಗಳು ಮ್ಯಾಚ್ ಇದೆ.

ಉತ್ತರ:
ಸಾರ್, ಒಂದೇ ಸಲ ಎಲ್ಲ ಬದಲಾಯಿಸಬೇಡಿ, ಆಮೇಲೆ ಯಾವುದರಿಂದ ಸರಿಯಾಯ್ತು ಅಂತ ಗೊತ್ತೇ ಆಗುವುದಿಲ್ಲ. ಮೊದಲು ಸ್ಟಾಕ್ ಸ್ಕ್ರೂ, ಹಿಂದಿನ ಸೈಟ್ ಸ್ಕ್ರೂ ಬಿಗಿ ಇದೆಯಾ ನೋಡಿ, ಎರಡು ನಿಮಿಷದ ಕೆಲಸ. ಬ್ಯಾರೆಲ್ ಫೆಲ್ಟ್ ಹಾಕಿ ಒರೆಸಿ, ಆಮೇಲೆ ಹತ್ತಿಪ್ಪತ್ತು ಪೆಲೆಟ್ ಸುಮ್ನೆ ಹೊಡೆದು ಬ್ಯಾರೆಲ್ ಒಳಗೆ ಸೀಸದ ತೆಳು ಪದರ ಕೂರಲು ಬಿಡಿ.

ಆದರೆ ನನಗೆ ಅನುಮಾನ ಡಬ್ಬಿಯ ಮೇಲೇ. ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ತರುತ್ತೀರಾ? ಪೆಲೆಟ್ ಅಂದರೆ ಮೆತ್ತನೆಯ ಸೀಸ, ತೂಕ ಅರ್ಧ ಗ್ರಾಂ ಚಿಲ್ಲರೆ. ಅದರ ಹಿಂದಿನ ಟೊಳ್ಳು ಭಾಗ, ಅಂದರೆ ಸ್ಕರ್ಟ್, ತೆಳ್ಳಗಿರುತ್ತದೆ, ಗಾಳಿ ಒತ್ತಿದಾಗ ಅದು ಅಗಲವಾಗಿ ಬ್ಯಾರೆಲ್‌ಗೆ ಅಂಟಿಕೊಳ್ಳಬೇಕು. ಒಂದೊಂದು ಹಂಪ್‌ಗೂ ಡಬ್ಬಿಯೊಳಗೆ ಪೆಲೆಟ್‌ಗಳು ಒಂದಕ್ಕೊಂದು ಬಡಿದುಕೊಂಡರೆ ಆ ಅಂಚು ನೆಗ್ಗುತ್ತದೆ. ಕಿಟಕಿ ಗಾಜಿನ ತುಂಡನ್ನು ಸ್ವಲ್ಪ ಓರೆ ಇಟ್ಟು ಪೆಲೆಟ್ ಉರುಳಿಸಿ ನೋಡಿ. ಚೆನ್ನಾಗಿರುವುದು ನಯವಾಗಿ ಒಂದು ಕಮಾನಿನಂತೆ ಹೋಗುತ್ತದೆ, ನೆಗ್ಗಿದ್ದು ಕುಂಟುತ್ತದೆ. ಕಣ್ಣಿಗೆ ಕಾಣದ್ದೂ ಗಾಜಿನ ಮೇಲೆ ಸಿಕ್ಕಿಬೀಳುತ್ತದೆ.

ಇನ್ನೊಬ್ಬರ ಉತ್ತರ:
ಅಣ್ಣ, ಡಬ್ಬಿಯ ಮೇಲಿನ ಲಾಟ್ ನಂಬರ್ (ಯಾವ ಸಲ ತಯಾರಾದದ್ದು ಅನ್ನುವ ಗುರುತು) ಹಳೆಯದರ ಜೊತೆ ಹೋಲಿಸಿದ್ರಾ? ಹೆಡ್ ಸೈಜ್ ಒಂದೇ ಇದ್ದರೂ ಲಾಟ್ ಬೇರೆಯಾದರೆ ನಿಮ್ಮ ಬ್ಯಾರೆಲ್‌ಗೆ ಒಗ್ಗದೇ ಇರಬಹುದು. ನಾನು ಚಿನ್ನದಂಗಡಿಯ ತಕ್ಕಡಿಯಂಥದ್ದು ತಂದು ಒಂದೊಂದನ್ನೂ ತೂಗುತ್ತಿದ್ದೆ. ಒಳ್ಳೆ ಮ್ಯಾಚ್ ಪೆಲೆಟ್‌ಗೆ ಅಷ್ಟು ಪ್ರಯೋಜನ ಕಾಣಲಿಲ್ಲ, ಲಾಟ್ ಸರಿ ಹೊಂದಿದರೆ ಅದೇ ಜಾಸ್ತಿ ಕೆಲಸ ಮಾಡುತ್ತದೆ.

ಪ್ರಶ್ನೆ ಕೇಳಿದವನು:
ಇಬ್ಬರ ಮಾತೂ ನಿಜ! ಸ್ಕ್ರೂ ಬಿಗಿಯಾಗೇ ಇದ್ದವು. ಬ್ಯಾರೆಲ್ ಒರೆಸಿದ ಮೇಲೂ ಹೊಸ ಡಬ್ಬಿ 9.5. ಹಳೆ ಡಬ್ಬಿಯಲ್ಲಿ ಮೂವತ್ತು ಉಳಿದಿದ್ದವು, ಅವು 6. ಹೊಸದರಲ್ಲಿ ನೂರು ಉರುಳಿಸಿದೆ, ಹದಿನೆಂಟು ಕುಂಟಿದವು. ಒಂದರ ಸ್ಕರ್ಟ್ ಅಂಚಿನಲ್ಲಿ ಉಗುರು ಒತ್ತಿದ ಹಾಗೆ ಸಣ್ಣ ಚಪ್ಪಟೆ ಗುರುತು. ಕುಂಟದವನ್ನು ಆರಿಸಿ ಹೊಡೆದರೆ 7.5ಕ್ಕೆ ಬಂದವು, 6 ಆಗಲಿಲ್ಲ. ಲಾಟ್ ಬೇರೆಯೇ ಇದೆ.

ಉತ್ತರ:
ಹಾಗಾದರೆ ಎರಡೂ ಸೇರಿದೆ. ಅಂಗಡಿಯವರಲ್ಲಿ ಮೂರ್ನಾಲ್ಕು ಲಾಟ್ ಒಂದೊಂದೇ ಡಬ್ಬಿ ಕೇಳಿ, 4.49 ಕೂಡ ಸೇರಿಸಿ. ಪ್ರತಿಯೊಂದರಲ್ಲೂ ಐದರಂತೆ ಮೂರು ಗ್ರೂಪ್ ಹೊಡೆಯಿರಿ, ಒಂದೇ ಗ್ರೂಪ್ ನೋಡಿ ತೀರ್ಮಾನ ಬೇಡ. ಒಗ್ಗಿದ ಲಾಟ್ ಸಿಕ್ಕಿದ ದಿನವೇ ವರ್ಷಕ್ಕೆ ಬೇಕಾದಷ್ಟು ತೆಗೆದಿಡಿ. ಮ್ಯಾಚ್‌ನಲ್ಲಿ 0.1 ಪಾಯಿಂಟ್ ಅಂದರೆ ಬರೀ ಕಾಲು ಮಿಲಿಮೀಟರ್, ಅಲ್ವಾ? ಡಬ್ಬಿಯೊಳಗೆ ಮೇಲೊಂದು ಸ್ಪಾಂಜ್ ಒತ್ತಿ ಮುಚ್ಚಿ, ಡಿಕ್ಕಿ ಬಿಟ್ಟು ಬೆನ್ನಿನ ಬ್ಯಾಗ್‌ನಲ್ಲಿ ತನ್ನಿ. ಪೆಲೆಟ್ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆದ ಮೇಲೇ ತಿಂಡಿಗೆ ಕೂರಿ, ಅದು ಸೀಸ.