ಇಷ್ಟು ನಿಧಾನದ ಸ್ಲಾತ್ ಈಜಿಕೊಂಡು ಹೋಗಿ ಹೆಣ್ಣು ಹುಡುಕೋದು ನಿಜಾನಾ?

ಅಲೆಮಾರಿ:
ಪನಾಮಾದ ಎಸ್ಕುಡೊ ದೆ ವೆರಾಗ್ವಾಸ್ ದ್ವೀಪದಲ್ಲಿ ಮಾತ್ರ ಇರುವ ಕುಳ್ಳ ಸ್ಲಾತ್ (ಮರದ ಮೇಲೆ ಬದುಕುವ, ಬಹಳ ನಿಧಾನದ ಪ್ರಾಣಿ) ವಿಡಿಯೋ ನೋಡಿದೆ. ಎಲ್ಲೋ ದೂರದಲ್ಲಿ ಹೆಣ್ಣು ಕೂಗುತ್ತದೆ, ಗಂಡು ಮರ ಇಳಿದು ನೀರಿಗೆ ಇಳಿಯುತ್ತದೆ. ಒಂದು ಕೊಂಬೆ ದಾಟೋಕೆ ಅಷ್ಟು ಹೊತ್ತು ಮಾಡುವ ಪ್ರಾಣಿ ಮುಳುಗೋದಿಲ್ವಾ? ಕೂಗು ಕೇಳಿ ಹೋಗೋದು ನಿಜಾನಾ, ಇಲ್ಲ ವಿಡಿಯೋದವರು ಸುಮ್ನೆ ಕತೆ ಕಟ್ಟಿದ್ದಾ?

ಕಡಲಕಾಗೆ:
ಮುಳುಗೋದಿಲ್ಲ. ಅದರ ಹೊಟ್ಟೆ ನೋಡಿ, ಹಲವು ಕೋಣೆಗಳಿರುವ ದೊಡ್ಡ ಹೊಟ್ಟೆ, ತಿಂದ ಎಲೆ ಅದರೊಳಗೆ ದಿನಗಟ್ಟಲೆ ಹುಳಿ ಬಂದು ಗ್ಯಾಸ್ ತುಂಬಿಕೊಂಡಿರುತ್ತದೆ, ಹಾಗಾಗಿ ತೇಲೋದಕ್ಕೆ ಅದು ಕಷ್ಟಪಡಬೇಕಾಗಿಲ್ಲ. ಉದ್ದ ಮುಂಗಾಲು ಒಂದಾದಮೇಲೊಂದು ಚಾಚಿ ನೀರು ಎಳೆಯುತ್ತದೆ, ಮೂತಿ ಮಾತ್ರ ಮೇಲೆ. ನೆಲದ ಮೇಲೆ ಅದರ ಸ್ಥಿತಿ ನೋಡೋಕಾಗಲ್ಲ, ಹಿಂಗಾಲಿನಲ್ಲಿ ಬಲವಿಲ್ಲ, ಉಗುರಿನಲ್ಲಿ ಮಣ್ಣು ಹಿಡಿದು ಹೊಟ್ಟೆ ಎಳೆದುಕೊಂಡೇ ಹೋಗಬೇಕು. ನೀರಿನಲ್ಲಿ ನೆಲದ ಮೇಲಿನದಕ್ಕಿಂತ ಸುಮಾರು ಮೂರು ಪಟ್ಟು ವೇಗ. ಅದು ಹೆಚ್ಚಾಗಿ ಇರೋದು ನೀರಿನಲ್ಲೇ ಬೇರು ಬಿಟ್ಟಿರುವ ಕೆಂಪು ಕಾಂಡ್ಲಾ (ಮ್ಯಾಂಗ್ರೋವ್) ಮರಗಳ ಮೇಲೆ. ಒಂದು ಕಾಂಡ್ಲಾ ಗುಂಪಿನಿಂದ ಇನ್ನೊಂದಕ್ಕೆ ಹೋಗೋಕೆ ಈಜೋದೇ ಸಲೀಸು ದಾರಿ ಅಲ್ವಾ?

ಹಸಿರೆಲೆ:
ಕೂಗಿನ ವಿಷಯ ಕಟ್ಟುಕತೆ ಅಲ್ಲ. ಈ ಕುಳ್ಳ ಸ್ಲಾತ್ ಸೇರುವ ಮೂರು ಬೆರಳಿನ ಸ್ಲಾತ್‌ಗಳಲ್ಲಿ ಬೆದೆಗೆ ಬಂದ ಹೆಣ್ಣು ಮರದ ಮೇಲಿನಿಂದ ಕೀರಲು ದನಿಯಲ್ಲಿ ಕಿರುಚುತ್ತದೆ, ಅದನ್ನು ಕೇಳಿ ಗಂಡು ಹೊರಡುತ್ತದೆ. ಉಳಿದ ಹೊತ್ತು ಒಂಟಿ ಬದುಕು, ಎಲೆ ತಿಂದು ಸಿಗುವ ಶಕ್ತಿ ಬಹಳ ಕಮ್ಮಿ, ಸುಮ್ನೆ ಹುಡುಕಿಕೊಂಡು ಅಲೆದರೆ ಗಿಟ್ಟೋದಿಲ್ಲ. ಗಂಡು-ಹೆಣ್ಣು ಗುರುತಿಸೋದು ಹೀಗೆ: ಬೆಳೆದ ಗಂಡಿನ ಬೆನ್ನ ಮೇಲೆ ಮೋಟು ಕೂದಲಿನ ಹಳದಿ-ಕಿತ್ತಳೆ ಮಚ್ಚೆ ಇರುತ್ತದೆ, ನಡುವೆ ಕಪ್ಪು ಗೆರೆ. ಹೆಣ್ಣಿಗೆ ಅದಿಲ್ಲ. ಕೂಡಿದ ಮೇಲೆ ಗಂಡಿಗೆ ಕೆಲಸ ಇಲ್ಲ, ಹೊರಟುಹೋಗುತ್ತದೆ. ಒಂದು ಸಲಕ್ಕೆ ಒಂದೇ ಮರಿ, ಅದು ತಿಂಗಳುಗಟ್ಟಲೆ ತಾಯಿಯ ಎದೆಗೆ ಅಂಟಿಕೊಂಡೇ ಇರುತ್ತದೆ. (ಎಲ್ಲ ಸಾಕೋದು ತಾಯಿಯೇ, ಹೊಸದೇನಲ್ಲ ಬಿಡಿ.)

ಅಲೆಮಾರಿ:
ಇಷ್ಟು ಚೆನ್ನಾಗಿ ಈಜುತ್ತದೆ ಅಂದಮೇಲೆ ಈಜಿಕೊಂಡೇ ಆಚೆ ಪನಾಮಾದ ಮುಖ್ಯ ಭೂಮಿಯ ದಡಕ್ಕೆ ಹೋಗಬಹುದಲ್ವಾ? ಅಲ್ಲಿ ಸ್ಲಾತ್ ಜಾಸ್ತಿ ಇರುತ್ತವೆ.

ಕಡಲಕಾಗೆ:
ನಡುವೆ ಸುಮಾರು 17 ಕಿ.ಮೀ. ತೆರೆದ ಸಮುದ್ರ ಇದೆ ಮಾರಾಯ್ರೇ, ಕಾಂಡ್ಲಾ ಗುಂಪುಗಳ ನಡುವಿನ ತಿಳಿನೀರು ಅಲ್ಲ. ಸುಮಾರು 9,000 ವರ್ಷದ ಹಿಂದೆ ಸಮುದ್ರ ಏರಿ ಈ ಜಾಗ ದ್ವೀಪವಾಯಿತು, ಒಳಗೆ ಸಿಕ್ಕಿಕೊಂಡವು ಬರಬರುತ್ತಾ ಕುಳ್ಳಗಾದವು. ಈಗ ಮೂರು ಕಿಲೋ ಆಸುಪಾಸು ತೂಗುತ್ತವೆ. ಇದು ಬೇರೆಯದೇ ಜಾತಿ ಅಂತ ವಿಜ್ಞಾನಿಗಳು ಹೇಳಿದ್ದೇ 2001ರಲ್ಲಿ. ದಡದಲ್ಲಿರುವುದು ಬೇರೆ ಜಾತಿಯ ಸ್ಲಾತ್.

ಹಸಿರೆಲೆ:
ನಂಗೆ ಭಯ ಇರೋದು ಸಂಖ್ಯೆಯದ್ದು. 2012ರಲ್ಲಿ ಪ್ರಕಟವಾದ ಎಣಿಕೆಯಲ್ಲಿ ಕಣ್ಣಿಗೆ ಬಿದ್ದದ್ದು 79, ಅದರಲ್ಲಿ 70 ಕಾಂಡ್ಲಾದಲ್ಲಿ. ಆಮೇಲೆ ದ್ವೀಪದ ಒಳಗಿನ ಕಾಡಿನಲ್ಲೂ ಕಂಡಿವೆ, ಹಾಗಾಗಿ ಒಟ್ಟು ಅದಕ್ಕಿಂತ ಜಾಸ್ತಿ ಇರಬೇಕು. ಆದ್ರೆ ಕಾಂಡ್ಲಾ ಇರೋದು ದ್ವೀಪದ ಶೇಕಡಾ 3ಕ್ಕಿಂತ ಕಡಿಮೆ ಜಾಗದಲ್ಲಿ, ಅದನ್ನೂ ಸೌದೆಗೆ ಕಡಿದಿದ್ದಾರೆ. ಮರ ಕಡಿದು ಗುಂಪುಗಳ ನಡುವೆ ಅಂತರ ಹೆಚ್ಚಿದರೆ ಗಂಡು ಈಜಬೇಕಾದ ದೂರವೂ ಹೆಚ್ಚುತ್ತದೆ. 2013ರಲ್ಲಿ ಅಮೆರಿಕದ ಅಕ್ವೇರಿಯಂ ಒಂದು ಇವುಗಳಲ್ಲಿ ಕೆಲವನ್ನು ಹಿಡಿದು ವಿಮಾನ ಹತ್ತಿಸೋಕೆ ನೋಡಿತ್ತು, ಊರಿನವರು ಪನಾಮಾದ ಬೋಕಾಸ್ ದೆಲ್ ತೋರೊ ವಿಮಾನ ನಿಲ್ದಾಣದಲ್ಲೇ ಅಡ್ಡ ನಿಂತರು. ಕೊನೆಗೆ ಅವನ್ನು ವಾಪಸ್ ದ್ವೀಪಕ್ಕೆ ಬಿಡಬೇಕಾಯಿತು.